ಗಿಳಿಗೆ ಕೋಲು ನೆನಪಿರುತ್ತದೆ, ಹಾವಿಗೆ ಹಗೆಯಿಲ್ಲ

ಚಳಿ ಇಳಿಯುವ ಹೊತ್ತಿಗೆ ದಾಂಡೇಲಿ, ಜೋಯಿಡಾದ ಕಾಡುಗಳಲ್ಲಿ ಪೊಟರೆಗಳಿಗಾಗಿ ಪೈಪೋಟಿ ಶುರುವಾಗುತ್ತದೆ. ಕೆಂದಲೆ ಗಿಳಿ, ನೀಲಿ ರೆಕ್ಕೆಯ ಮಲಬಾರ್ ಗಿಳಿ, ಬೆಟ್ಟದ ಮೈನಾ, ಮಂಗಟ್ಟೆ ಇವೆಲ್ಲ ಗೂಡಿಗೆ ಹಳೆಯ ಮರದ ಪೊಟರೆಯನ್ನೇ ನಂಬಿದ ಹಕ್ಕಿಗಳು. ಮಂಗಟ್ಟೆಗಳಿಗಾಗಿ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನೇ ಘೋಷಿಸಲಾಯಿತು. ಗಿಳಿಗಳಿಗೆ ಆ ಭಾಗ್ಯವಿಲ್ಲ. ನಮ್ಮಲ್ಲಿ ಪಂಜರದೊಳಗೆ ಕಾಣುವ ನಾಡಗಿಳಿಗಳೆಂದರೆ ಬಹುಮಟ್ಟಿಗೆ ಪೊಟರೆಗೆ ಕೈ ಹಾಕಿ ಎತ್ತಿ ತಂದ ಮರಿಗಳೇ. ಗರಿ ಬಲಿಯುವ ಮೊದಲೇ ತಾಯಿಯಿಂದ ಬೇರಾಗಿ, ಚೀಲದಲ್ಲಿ ಊರೂರು ದಾಟಿ, ರೆಕ್ಕೆ ಕತ್ತರಿಸಿಕೊಂಡು, ಯಾರದೋ ಜಗುಲಿಯ ತಂತಿಪಂಜರಕ್ಕೋ ಗಿಣಿಶಾಸ್ತ್ರದವರ ಮರದ ಪೆಟ್ಟಿಗೆಗೋ ಸೇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ ಎನ್ನುವುದು ಎಷ್ಟೋ ಮನೆಗಳಿಗೆ ಇಂದಿಗೂ ಗೊತ್ತಿಲ್ಲ.

ಅಂಥದೊಂದು ಹಕ್ಕಿಯನ್ನು ಬಿಡಿಸಿ ತಂದೆವು ಎಂದುಕೊಳ್ಳಿ. ಪಂಜರ ದೊಡ್ಡದಾಯಿತು, ಕೈ ಬದಲಾಯಿತು, ಊಟ ಸುಧಾರಿಸಿತು. ಆದರೂ ಯಾರಾದರೂ ಪೊರಕೆ ಎತ್ತಿದರೆ ಅದು ಮೂಲೆಗೆ ಒತ್ತಿಕೊಂಡು ಕಿರುಚುತ್ತದೆ, ಟವೆಲ್ ಕಂಡರೆ ತಂತಿಗೆ ತಲೆ ಚಚ್ಚಿಕೊಳ್ಳುತ್ತದೆ. ಹಳೆಯದು ಅದಕ್ಕೆ ನೆನಪಿದೆಯೇ? ಇದ್ದರೆ ಯಾವ ರೂಪದಲ್ಲಿ?

ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ಕಾಗೆಗಳಿಂದ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು 2006ರಲ್ಲಿ ಆದಿಮಾನವನ ರಬ್ಬರ್ ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ನೋವು ಮಾಡಲಿಲ್ಲ, ಹಿಡಿದದ್ದಷ್ಟೇ. ಆಮೇಲೆ ಅದೇ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನಲ್ಲಿ ಸುಮ್ಮನೆ ನಡೆದು ಹೋದವರ ಮೇಲೂ ಕಾಗೆಗಳು ವರ್ಷಗಟ್ಟಲೆ ಮುಗಿಬಿದ್ದವು. ಹಿಡಿದಾಗ ಹುಟ್ಟಿಯೇ ಇರದಿದ್ದ ಕಾಗೆಗಳೂ ಹಿರಿಯರನ್ನು ನೋಡಿ ಆ ಮುಖವನ್ನು ಬೈಯಲು ಕಲಿತವು. ಬೇರೆ ಮುಖವಾಡ ಹಾಕಿ ಬಂದರೆ ಅವಕ್ಕೆ ಅಷ್ಟು ಸಿಟ್ಟಿಲ್ಲ.

ಅದೇ ತಂಡ 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಒಂದು ಮುಖವಾಡದವರು ಕಾಗೆಗಳನ್ನು ಹಿಡಿದರು. ಇನ್ನೊಂದು ಮುಖವಾಡದವರು ನಾಲ್ಕು ವಾರ ಅವಕ್ಕೆ ಊಟ ಕೊಟ್ಟು ನೋಡಿಕೊಂಡರು. ಬಳಿಕ ಎರಡೂ ಮುಖಗಳನ್ನು ತೋರಿಸಿ ಕಾಗೆಗಳ ಮಿದುಳಿನ ಸ್ಕ್ಯಾನ್ ತೆಗೆದಾಗ, ಹಿಡಿದವರ ಮುಖ ಕಂಡ ಕಾಗೆಗಳಲ್ಲಿ ಅಮಿಗ್ಡಲ ಸೇರಿದಂತೆ ಭಯಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದವು. ನಮ್ಮಲ್ಲೂ ಅಪಾಯವನ್ನು ಗುರುತುಹಾಕಿಕೊಳ್ಳುವುದು ಅಮಿಗ್ಡಲವೇ. ಊಟ ಕೊಟ್ಟವರ ಮುಖಕ್ಕೆ ಎಚ್ಚೆತ್ತದ್ದು ಬೇರೆಯೇ ಭಾಗಗಳು, ಹಸಿವು, ಬಯಕೆ, ಪ್ರೇರಣೆಗೆ ಸೇರಿದವು. ಹಿಂಸೆಯ ನೆನಪಿನಂತೆ ಉಪಚಾರದ ನೆನಪೂ ಹಕ್ಕಿಯ ತಲೆಯಲ್ಲಿ ಜಾಗ ಪಡೆಯುತ್ತದೆ. ಗಿಳಿಯ ತಲೆ ಕಾಗೆಯದಕ್ಕಿಂತ ಕಡಿಮೆಯೇನಲ್ಲ. ಗಿಳಿ ಮತ್ತು ಹಾಡುಹಕ್ಕಿಗಳ ಮುಂಮಿದುಳಿನಲ್ಲಿ ನರಕೋಶಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಅವುಗಳ ಸಂಖ್ಯೆ ಕೆಲವು ಕೋತಿಗಳದ್ದಕ್ಕೆ ಸರಿಸಾಟಿ ಎಂದು 2016ರ ಅಧ್ಯಯನವೊಂದು ಎಣಿಸಿ ತೋರಿಸಿತು.

ಹಾಗೆಂದು ಗಿಳಿ ರಾತ್ರಿ ಕುಳಿತು ಹಳೆಯ ಯಜಮಾನನ ಕಥೆಯನ್ನು ಮೆಲುಕು ಹಾಕುತ್ತದೆ ಎಂದಲ್ಲ. ಭಯದ ನೆನಪು ಗುರುತುಗಳಿಗೆ ಅಂಟಿಕೊಂಡಿರುತ್ತದೆ. ಒಂದು ಬಣ್ಣ, ಮೇಲೆತ್ತಿದ ಕೈ, ಗಂಡಸಿನ ದಪ್ಪ ದನಿ, ಹೊಡೆಯಲು ಬಳಸಿದ ಕೋಲಿನ ಉದ್ದ. ಗುರುತು ಎದುರಾದ ಕ್ಷಣದಲ್ಲಿ ದೇಹವೇ ಮೊದಲು ಪ್ರತಿಕ್ರಿಯಿಸುತ್ತದೆ. ಎದೆಬಡಿತ ಏರುತ್ತದೆ, ಕಾರ್ಟಿಕೋಸ್ಟಿರೋನ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಆ ಹಾರ್ಮೋನು ಬೆಳೆಯುತ್ತಿರುವ ಗರಿಯಲ್ಲೂ ಶೇಖರವಾಗುತ್ತದೆ. ಹಾಗಾಗಿ ಗರಿಯೊಂದನ್ನು ಪರೀಕ್ಷಿಸಿ ಅದು ಬೆಳೆದ ವಾರಗಳಲ್ಲಿ ಹಕ್ಕಿ ಎಷ್ಟು ಒತ್ತಡದಲ್ಲಿತ್ತು ಎಂದು ಅಂದಾಜಿಸಬಹುದು. ಬರಿಗಣ್ಣಿಗೂ ಒಂದು ಕುರುಹು ಕಾಣುತ್ತದೆ. ಗರಿ ಬೆಳೆಯುವಾಗ ಹಸಿವೋ ಹೆದರಿಕೆಯೋ ಬಾಧಿಸಿದರೆ ಅದಕ್ಕೆ ಅಡ್ಡಲಾಗಿ ತೆಳು ಗೆರೆ ಮೂಡಿ, ಗರಿ ಅಲ್ಲೇ ಮುರಿಯಲೂಬಹುದು. ಗರಿ ಉದುರಿ ಹೊಸದು ಬರುವ ತನಕ ಆ ಗೆರೆ ಉಳಿದಿರುತ್ತದೆ.

ಒಂಟಿತನ ಇನ್ನೂ ಆಳಕ್ಕೆ ಇಳಿಯುತ್ತದೆ. ಆಫ್ರಿಕಾದ ಬೂದು ಗಿಳಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯಿಲ್ಲದೆ ಬದುಕಿದ ಗಿಳಿಗಳ ಟೆಲೊಮಿಯರ್‌ಗಳು, ಅಂದರೆ ವಯಸ್ಸಾದಂತೆ ಸವೆಯುವ ವರ್ಣತಂತುಗಳ ತುದಿಗಳು, ಜೋಡಿಯಾಗಿದ್ದವುಗಳಿಗಿಂತ ಗಿಡ್ಡವಾಗಿದ್ದವು. ಪೆಟ್ಟು ಒಂದೂ ಬೀಳದೆ, ಹೊಟ್ಟೆ ತುಂಬ ಊಟ ಸಿಕ್ಕಿಯೂ, ಗುಂಪಿನಲ್ಲಿ ಬದುಕಬೇಕಾದ ಹಕ್ಕಿಯನ್ನು ಒಂಟಿಯಾಗಿಡುವುದು ಹಿಂಸೆಯೇ. ನಮ್ಮ ಮನೆಗಳ ಪ್ರೀತಿಯ ಪಂಜರಗಳ ಬಗ್ಗೆ ನಾನು ಹೇಳಲೇಬೇಕಾದ ಮಾತು ಇದು.

ಒಂದು ಎಚ್ಚರಿಕೆಯೂ ಬೇಕು. ಗರಿ ಕಿತ್ತುಕೊಳ್ಳುವ ಗಿಳಿಯನ್ನು ಕಂಡೊಡನೆ ಮನಸ್ಸಿನ ಗಾಯ ಎಂದು ತೀರ್ಮಾನಿಸಬಾರದು. ಹೇನು, ಚರ್ಮರೋಗ, ಬರೀ ಅನ್ನ ಅಥವಾ ಸೂರ್ಯಕಾಂತಿ ಬೀಜ ತಿಂದು ಉಂಟಾದ ಎ ಜೀವಸತ್ವದ ಕೊರತೆ, ಎಲ್ಲವನ್ನೂ ಪಶುವೈದ್ಯರು ಮೊದಲು ನೋಡಬೇಕು. ಎದೆ ಬೋಳಾಗಿದ್ದು ಕೊಕ್ಕಿಗೆ ಎಟುಕದ ತಲೆಯ ಗರಿ ಮಾತ್ರ ನೆಟ್ಟಗಿದ್ದರೆ ಅದು ತಾನೇ ಕಿತ್ತುಕೊಂಡದ್ದು ಎಂದು ತಿಳಿಯುತ್ತದೆ, ಏಕೆ ಎಂದು ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಚೆರಿಲ್ ಮೀಹನ್ ಮತ್ತು ಜೊತೆಗಾರರು ಅಮೆಜಾನ್ ಗಿಳಿಗಳಿಗೆ ಆಹಾರವನ್ನು ಹುಡುಕಿ, ಬಿಡಿಸಿ, ಕಷ್ಟಪಟ್ಟು ತಿನ್ನುವ ಏರ್ಪಾಡು ಮಾಡಿದಾಗ ಗರಿ ಕೀಳುವ ಚಾಳಿ ಇಳಿಯಿತು. ಕೊಕ್ಕಿಗೆ ಕೆಲಸವಿಲ್ಲದಿರುವುದೂ ಒಂದು ಕಾರಣವೇ.

ಇನ್ನು ಸರೀಸೃಪಗಳು. ಹಳಿಯಾಳ, ಮುಂಡಗೋಡದ ಹೊಲಗದ್ದೆಗಳಲ್ಲಿ ನಾಗರಹಾವಿದೆ, ಜೋಯಿಡಾದ ಕಾಡಿನಲ್ಲಿ ಕಾಳಿಂಗವಿದೆ. ಪೆಟ್ಟು ತಿಂದ ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ಹಾವು ಮನುಷ್ಯನ ಗುರುತು ಹಿಡಿದು ಸೇಡಿಗೆ ಬರುತ್ತದೆ ಎನ್ನಲು ಪುರಾವೆಯಿಲ್ಲ. ಹಾವನ್ನು ಕೊಂದ ಜಾಗಕ್ಕೆ ಇನ್ನೊಂದು ಬಂದರೆ, ಅದು ಹೆಣ್ಣಿನ ವಾಸನೆಯ ಜಾಡು ನಾಲಿಗೆಯಿಂದ ಹಿಡಿದು ಬಂದ ಗಂಡಾಗಿರಬಹುದು. ಆದರೆ ಹಗೆಯಿಲ್ಲ ಎಂದ ಮಾತ್ರಕ್ಕೆ ನೆನಪೂ ಇಲ್ಲ ಎಂದಾಗುವುದಿಲ್ಲ. ಡೇವಿಡ್ ಹೋಲ್ಟ್ಸ್‌ಮನ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾರ್ನ್ ಹಾವುಗಳು ಹಲವು ತೂತುಗಳ ನಡುವೆ ತಪ್ಪಿಸಿಕೊಳ್ಳುವ ಒಂದೇ ತೂತು ಎಲ್ಲಿದೆ ಎಂದು ಕಲಿತು, ದಿನದಿಂದ ದಿನಕ್ಕೆ ಬೇಗ ಅಲ್ಲಿಗೆ ತಲುಪಿದವು.

ಆಮೆಗಳದ್ದು ಇನ್ನೂ ದೀರ್ಘ ನೆನಪು. ವಿಯೆನ್ನಾದ ಮೃಗಾಲಯದಲ್ಲಿ ದೈತ್ಯ ಆಮೆಗಳಿಗೆ ಗುರಿಯೊಂದನ್ನು ಕಚ್ಚಿದರೆ ತಿಂಡಿ ಎಂದು ಕಲಿಸಲಾಗಿತ್ತು. ಒಂಬತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಅವು ಆ ಪಾಠ ಮರೆತಿರಲಿಲ್ಲ. ತಿಂಡಿಯ ಗುರುತು ಒಂಬತ್ತು ವರ್ಷ ಉಳಿಯುವುದಾದರೆ ನೋವಿನ ಗುರುತು ಅಳಿದುಹೋಗುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಸರೀಸೃಪದ ಭಯವನ್ನು ಗುರುತಿಸುವುದೇ ಕಷ್ಟ. ಅದು ಕಿರುಚುವುದಿಲ್ಲ, ಗರಿ ಕೀಳುವುದಿಲ್ಲ. ಸುಮ್ಮನೆ ಮುದುಡುತ್ತದೆ, ಊಟ ಬಿಡುತ್ತದೆ. ಕೆನಡಾದ ಮಿಶೆಲ್ ಕಬನಾಕ್ ಆಮೆ, ಹಲ್ಲಿಗಳನ್ನು ಬರೀ ಕೈಯಲ್ಲಿ ಹಿಡಿದು ಬಿಟ್ಟಾಗ ಅವು ಹೆಚ್ಚು ಬೆಚ್ಚಗಿನ ಜಾಗಕ್ಕೆ ಸರಿದು ಮೈಕಾವು ಏರಿಸಿಕೊಂಡವು. ಭಾವೋದ್ವೇಗದ ಜ್ವರ ಎಂದು ಅವರು ಅದನ್ನು ಕರೆದರು. ಮಕ್ಕಳ ಕೈಯಿಂದ ಕೈಗೆ ಹೋಗುವ ನಕ್ಷತ್ರ ಆಮೆ ಶಾಂತವಾಗಿ ಕಾಣುತ್ತದೆ. ಎದೆಯೊಳಗೆ ನಡೆಯುವುದು ಬೇರೆ. ಅದೃಷ್ಟ ತರುತ್ತದೆಂದು ಕದ್ದು ಮಾರುವ ಈ ಆಮೆಗಳು ಕಡಲಾಚೆಗೂ ಹೋಗುತ್ತವೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು. ಹುಲ್ಲುಸೊಪ್ಪಿನ ಬದಲು ಸಿಕ್ಕಿದ್ದನ್ನು ತಿನ್ನಿಸಿ, ಸರಿಯಾದ ಬಿಸಿಲು ತೇವ ಕೊಡದೆ ಬೆಳೆಸಿದ ಆಮೆಯ ಚಿಪ್ಪು ಗೋಪುರಗಳಂತೆ ಉಬ್ಬುತ್ತದೆ. ಹಕ್ಕಿಗೆ ಹೊಸ ಗರಿ ಬರುತ್ತದೆ. ಚಿಪ್ಪು ಮಾತ್ರ ಮತ್ತೆ ಸಮತಟ್ಟಾಗುವುದಿಲ್ಲ.

ಭಯದ ನೆನಪನ್ನು ಅಳಿಸಬಹುದೇ? ಇವಾನ್ ಪಾವ್ಲೋವ್‌ನ ಕಾಲದಿಂದ ಬಂದ ಉತ್ತರ: ಇಲ್ಲ, ಅದರ ಮೇಲೆ ಇನ್ನೊಂದು ಪಾಠ ಕಲಿಸಬಹುದು. ಕೋಲು ಕಂಡರೂ ಪೆಟ್ಟು ಬೀಳದೆ ದಿನಗಳು ಕಳೆದರೆ ಹೆದರಿಕೆ ತಗ್ಗುತ್ತದೆ. ಜಾಗ ಬದಲಾದರೆ, ಬಹುಕಾಲದ ಬಳಿಕ ಕೋಲು ಮತ್ತೆ ಕಂಡರೆ, ಹಳೆಯದು ಮೇಲೆದ್ದು ಬರುತ್ತದೆ. ಪಳಗಿತು ಎಂದುಕೊಂಡ ಗಿಳಿ ಒಂದು ದಿನ ಏಕಾಏಕಿ ಕಚ್ಚುವುದಕ್ಕೆ ಇದೂ ಒಂದು ಕಾರಣ.

ಇಲ್ಲೇ ರಕ್ಷಕರು ಮೊದಲ ದಿನವೇ ನಿರ್ಧರಿಸಬೇಕಾದ ವಿಷಯವಿದೆ. ಕಾಡಿಗೆ ಮರಳಬಲ್ಲ ಪ್ರಾಣಿಯ ಮನುಷ್ಯಭಯವನ್ನು ಕರಗಿಸಬಾರದು. ಪೋರ್ಟೊ ರಿಕೊ ಗಿಳಿಗಳನ್ನು ಕಾಡಿಗೆ ಬಿಡುವ ಮುನ್ನ ವಿಜ್ಞಾನಿಗಳು ಅವಕ್ಕೆ ಗಿಡುಗದ ಭಯವನ್ನು ಹೊಸದಾಗಿ ಕಲಿಸಿದ್ದರು. ಆಸ್ಟ್ರೇಲಿಯಾದಲ್ಲಿ ವಿಷದ ಕಪ್ಪೆ ತಿಂದು ಸಾಯುತ್ತಿದ್ದ ಉಡಗಳಿಗೆ ಪುಟ್ಟ ಕಪ್ಪೆ ತಿನ್ನಿಸಿ ವಾಂತಿಯ ಪಾಠ ಕಲಿಸಿದಾಗ, ಕಲಿಯದವು ಸತ್ತವು, ಕಲಿತವುಗಳಲ್ಲಿ ಹಲವು ಬದುಕಿದವು. ಅದೇ ದೇಶದ ನದಿಗಳಲ್ಲಿ ಒಮ್ಮೆ ಹಿಡಿತಕ್ಕೆ ಸಿಕ್ಕ ಮೊಸಳೆಗಳು ಆಮೇಲೆ ದೋಣಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದು ಗ್ರಹಾಂ ವೆಬ್ ಮತ್ತು ಹ್ಯಾರಿ ಮೆಸೆಲ್ 1979ರಲ್ಲೇ ಬರೆದಿದ್ದರು. ಕಾಳಿ ನದಿಯ ಮೊಸಳೆಗಳೂ ಮನುಷ್ಯರಿಂದ ದೂರವೇ ಇದ್ದರೆ ಇಬ್ಬರಿಗೂ ಕ್ಷೇಮ. ರೆಕ್ಕೆ ಬಲಿತಿಲ್ಲದ, ಮನುಷ್ಯದನಿ ಕೇಳಿದರೆ ಹೆಗಲಿಗೆ ಬರುವ ಮನೆಗಿಳಿಯನ್ನು ಕಾರಿನಲ್ಲಿ ದಾಂಡೇಲಿಗೆ ತಂದು ಹಾರಿಬಿಡುವುದು ಪುಣ್ಯದ ಕೆಲಸವಲ್ಲ. ಅದಕ್ಕೆ ಹಣ್ಣಿನ ಮರ ಗೊತ್ತಿಲ್ಲ, ಗಿಡುಗ ಗೊತ್ತಿಲ್ಲ, ಅದರ ರೋಗ ಕಾಡಿನ ಗಿಳಿಗಳಿಗೂ ತಗಲಬಹುದು. ಅಂಥದ್ದಕ್ಕೆ ಬೇಕಾದದ್ದು ತನ್ನ ಜಾತಿಯ ಜೊತೆ, ದಿನವೂ ಒಂದೇ ಹೊತ್ತಿಗೆ ಬರುವ ಅದೇ ಕೈ, ಹತ್ತಿರ ಬರುವುದನ್ನೂ ದೂರ ಹೋಗುವುದನ್ನೂ ತಾನೇ ನಿರ್ಧರಿಸುವ ಅವಕಾಶ.

ಇಂಥ ಹಕ್ಕಿಯೋ ಆಮೆಯೋ ನಿಮ್ಮ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ. ಒಪ್ಪಿಸುವಾಗ ಗಾಳಿಯಾಡುವ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಕೊಡಿ, ಜೊತೆಗೊಂದು ಚೀಟಿಯಲ್ಲಿ ಬರೆದುಕೊಡಿ: ಎಷ್ಟು ವರ್ಷ ಎಲ್ಲಿತ್ತು, ಏನು ತಿನ್ನುತ್ತಿತ್ತು, ಒಂಟಿಯಾಗಿತ್ತೇ, ಯಾವ ವಸ್ತು ಕಂಡರೆ ಹೆದರುತ್ತದೆ, ಯಾರ ದನಿಗೆ ತಲೆ ಎತ್ತುತ್ತದೆ. ಅದನ್ನು ನೋಡಿಕೊಳ್ಳುವವರು ಮೊದಲ ವಾರ ಪೊರಕೆಯನ್ನು ಎಲ್ಲಿಡಬೇಕು, ಯಾವ ಬಣ್ಣದ ಅಂಗಿ ತೊಡಬಾರದು ಎಂದು ಆ ಚೀಟಿ ನೋಡಿಯೇ ತಿಳಿಯಬೇಕು.