ಪಾಲಕ್ ಸೊಪ್ಪಿನಿಂದ ಅಪ್ಪಟ ಹಸಿರು

ಸೊಪ್ಪಿನ ಹಸಿರನ್ನು ಹೊರತೆಗೆಯುವುದು ಸುಲಭ, ಹಸಿರಾಗಿಯೇ ಉಳಿಸಿಕೊಳ್ಳುವುದು ಕಷ್ಟ. ಪತ್ರಹರಿತ್ತಿನ (ಕ್ಲೋರೋಫಿಲ್) ಅಣುವಿನ ನಡುವೆ ಒಂದು ಮೆಗ್ನೀಷಿಯಂ ಪರಮಾಣು ಇರುತ್ತದೆ. ತುಸು ಹುಳಿ ತಾಗಿದರೂ ಅದು ಕಳಚಿಕೊಳ್ಳುತ್ತದೆ. ಆಗ ಉಳಿಯುವ ಫಿಯೋಫೈಟಿನ್ ಬೂದು ಮಿಶ್ರಿತ ಕಂದು. ಹುಣಸೆಹುಳಿ ಹಾಕಿ ಕುದಿಸಿದ ಸೊಪ್ಪಿನ ಸಾರು ಮಂಕಾಗುವುದೂ ಇದರಿಂದಲೇ.

ಎಲೆಯ ಜೀವಕೋಶದೊಳಗೇ ಹುಳಿ ಇದೆ. ಅರೆದ ಕೂಡಲೇ ಅದು ಹೊರಬರುತ್ತದೆ. ಹಾಗಾಗಿ ತೊಟ್ಟು, ದಪ್ಪ ನರ ತೆಗೆದು ಒರೆಸಿದ ತಾಜಾ ಪಾಲಕ್ ಎಲೆಗಳನ್ನು ತಣ್ಣಗಿನ ಅಸಿಟೋನ್ ಜೊತೆ ಅರೆಯುವಾಗಲೇ ಒಂದು ಚಿಟಿಕೆ ಮೆಗ್ನೀಷಿಯಂ ಕಾರ್ಬೊನೇಟ್ ಸೇರಿಸುತ್ತಾರೆ. ಕೋಣೆಯ ಬೆಳಕು ಮಂದವಾಗಿರಲಿ. ಅಸಿಟೋನ್ ಕ್ಷಣದಲ್ಲಿ ಹೊತ್ತಿಕೊಳ್ಳುವ ದ್ರವ. ಹತ್ತಿರ ಬೆಂಕಿ ಇರಕೂಡದು, ಗಾಳಿ ಆಡುವ ಜಾಗ ಬೇಕು.

ಸೋಸಿದ ಕಡುಹಸಿರು ರಸವನ್ನು ಬೇರ್ಪಡಿಕೆ ಆಲಿಕೆಗೆ ಸುರಿದು, ಹೆಕ್ಸೇನ್ ಮತ್ತು ಉಪ್ಪುನೀರು ಸೇರಿಸಬೇಕು. ಪತ್ರಹರಿತ್ತು, ಕ್ಯಾರೊಟಿನ್ ಮೊದಲಾದ ಎಣ್ಣೆಪ್ರಿಯ ಬಣ್ಣಗಳು ಮೇಲಿನ ಹೆಕ್ಸೇನ್ ಪದರಕ್ಕೆ ಏರುತ್ತವೆ. ಸಕ್ಕರೆ, ಲವಣ, ಹೆಚ್ಚಿನ ಅಸಿಟೋನ್ ಕೆಳಗಿನ ನೀರಿಗೆ ಇಳಿಯುತ್ತವೆ. ಜೋರಾಗಿ ಕುಲುಕಿದರೆ ನೊರೆ ಎದ್ದು ಪದರಗಳು ಗಂಟೆಗಟ್ಟಲೆ ಬಿಡುವುದಿಲ್ಲ; ಮೆಲ್ಲಗೆ ತಿರುಗಿಸುವುದೇ ಜಾಣತನ. (ಪಾಲಕ್ ಬದಲು ಕೆಂಪು ದಂಟಿನ ಸೊಪ್ಪು ತೆಗೆದುಕೊಂಡರೆ ಇನ್ನೂ ಚೆಂದ: ನೀರಲ್ಲಿ ಕರಗುವ ಅದರ ಕೆಂಪು ಕೆಳಗೇ ನಿಲ್ಲುತ್ತದೆ, ಹಸಿರು ಮೇಲೇರುತ್ತದೆ.) ನೀರಿನಿಂದ ತೊಳೆದ ಹೆಕ್ಸೇನ್ ಪದರದಲ್ಲಿ ಉಳಿದ ತೇವವನ್ನು ನಿರ್ಜಲ ಸೋಡಿಯಂ ಸಲ್ಫೇಟ್ ಹೀರುತ್ತದೆ.

ಇಲ್ಲಿಯವರೆಗೆ ಸಿಕ್ಕಿದ್ದು ಹಲವು ಬಣ್ಣಗಳ ಬೆರಕೆ. ಅದನ್ನು ಬಿಡಿಸುವ ದಾರಿಯನ್ನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ತೋರಿಸಿದರು. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸ ಇಳಿಸಿ ಪಟ್ಟೆಪಟ್ಟೆಯಾಗಿ ಬೇರೆಯಾದ ಬಣ್ಣಗಳನ್ನು ಕಂಡು, 1906ರಲ್ಲಿ ಆ ವಿಧಾನಕ್ಕೆ ಕ್ರೊಮಾಟೊಗ್ರಫಿ ಎಂದು ಹೆಸರಿಟ್ಟರು.

ಇಂದು ಕೊಳವೆಯಲ್ಲಿ ಸಾಮಾನ್ಯವಾಗಿ ಸಿಲಿಕಾ ಜೆಲ್ ಇರುತ್ತದೆ. ಮೊದಲು ಬರಿಯ ಹೆಕ್ಸೇನ್ ಸುರಿದರೆ ಸಿಲಿಕಾಗೆ ಅಂಟದ ಕ್ಯಾರೊಟಿನ್ ಹಳದಿ ಪಟ್ಟೆಯಾಗಿ ಸರ್ರನೆ ಇಳಿದುಬರುತ್ತದೆ. ಆಮೇಲೆ ಅಸಿಟೋನ್ ಪ್ರಮಾಣ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ನೀಲಿಹಸಿರು ಕ್ಲೋರೋಫಿಲ್ ಎ, ಅದರ ಹಿಂದೆ ಹಳದಿಹಸಿರು ಕ್ಲೋರೋಫಿಲ್ ಬಿ, ಇನ್ನೂ ಹಿಂದೆ ಲ್ಯೂಟಿನ್‌ನಂಥ ಹಳದಿಗಳು ಬರುತ್ತವೆ. ಎ ಮತ್ತು ಬಿ ನಡುವಿನ ವ್ಯತ್ಯಾಸ ಒಂದು ಚಿಕ್ಕ ಗುಂಪಿನದು: ಬಿಯಲ್ಲಿರುವ ಆಲ್ಡಿಹೈಡ್ ಸಿಲಿಕಾವನ್ನು ಗಟ್ಟಿಯಾಗಿ ಹಿಡಿಯುವುದರಿಂದ ಅದು ಹಿಂದೆ ಬೀಳುತ್ತದೆ.

ಕ್ಯಾರೊಟಿನ್‌ಗೂ ಎಗೂ ನಡುವೆ ಬೂದು ಪಟ್ಟೆ ಕಂಡರೆ ಅದೇ ಫಿಯೋಫೈಟಿನ್. ಎಲ್ಲೋ ಹುಳಿ ತಾಗಿದೆ ಅಂತ ಅರ್ಥ. ಸಿಲಿಕಾಗೂ ತುಸು ಆಮ್ಲಗುಣ ಇರುವುದರಿಂದ ಕೊಳವೆಯಲ್ಲಿ ಬಣ್ಣವನ್ನು ಊಟದ ಬಿಡುವಿನವರೆಗೆ ನಿಲ್ಲಿಸಬಾರದು. ಈ ಕಾಟ ಬೇಡವೆಂದೇ ಹಿಂದಿನ ಸಂಶೋಧಕರು ಕೊಳವೆಗೆ ನುಣ್ಣಗಿನ ಸಕ್ಕರೆ ಪುಡಿ ತುಂಬುತ್ತಿದ್ದರು. ಸಕ್ಕರೆ ಸೌಮ್ಯ, ಆದರೆ ಕೆಲಸ ನಿಧಾನ.

ಕಣ್ಣಿಗೆ ಶುದ್ಧವಾಗಿ ಕಂಡದ್ದನ್ನು ನಂಬುವಂತಿಲ್ಲ. ಈಥರ್‌ನಲ್ಲಿ ಕರಗಿಸಿದ ಅಪ್ಪಟ ಕ್ಲೋರೋಫಿಲ್ ಎ ಸುಮಾರು 430 ಮತ್ತು 662 ನ್ಯಾನೋಮೀಟರ್‌ನ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. 453ರ ಸುತ್ತ ಉಬ್ಬು ಕಂಡರೆ ಬಿ ಬೆರೆತಿದೆ, 410ರ ಸುತ್ತಲಿನ ಉಬ್ಬು ಅತಿಯಾಗಿ ಎದ್ದಿದ್ದರೆ ಫಿಯೋಫೈಟಿನ್. ಎರಡೂ ಬೆರೆತಿಲ್ಲದಿದ್ದರೆ ದ್ರಾವಕವನ್ನು ನೈಟ್ರೋಜನ್ ಹಾಯಿಸಿ ಆರಿಸಿ, ಕಡುಗಂದು ಬಣ್ಣದ ಸೀಸೆಯಲ್ಲಿ ಮುಚ್ಚಿ ಫ್ರೀಜರ್‌ಗೆ ಸೇರಿಸಬಹುದು.