ಗರ್ಭದ ಮೊದಲ ತಿಂಗಳು: ಇಲಿಗಳು ತಿಳಿಸಿದ ಸತ್ಯ

ಮಗುವು ಅಂಗವಿಕಲವಾಗಿ ಜನಿಸಿದರೆ, ಗ್ರಹಣಕಾಲದಲ್ಲಿ ತಾಯಿ ಹೊರಗೆ ಬಂದುದೇ ಕಾರಣವೆನ್ನುವ ಮಾತನ್ನು ದೊಡ್ಡಗದ್ದವಳ್ಳಿಯ ಸುತ್ತಣ ನಮ್ಮ ಹಾಸನ ಸೀಮೆಯಲ್ಲಿ ಇಂದಿಗೂ ಕೇಳುತ್ತೇವೆ. ಶರಣಮಾರ್ಗದವರಾದ ನಾವು ಇದನ್ನು ಒಪ್ಪಲಾಗದು. ಬೀಜದ ಯಾವ ಭಾಗವು ಕೆಡುವುದೋ ಅದರಿಂದ ಉಂಟಾಗುವ ಅಂಗವೇ ವಿಕೃತವಾಗುವುದೆಂದು ಚರಕ ಸಂಹಿತೆಯ ಶಾರೀರಸ್ಥಾನವು ತಿಳಿಸುತ್ತದೆ. ಇದಕ್ಕೆ ಸಮೀಪವಾದ ಸಂಗತಿಯನ್ನು ಆಧುನಿಕ ವಿಜ್ಞಾನವು ಇಲಿಗಳಲ್ಲಿ ಕಂಡುಕೊಂಡಿದೆ.

ಇಲಿಯ ಗರ್ಭಾವಧಿ ಸುಮಾರು 20 ದಿನ. ಅದರ ಬಹುಪಾಲು ವಂಶವಾಹಿಗಳಿಗೆ ಮನುಷ್ಯರಲ್ಲಿಯೂ ಸಾಟಿಯುಂಟು. 'ಸ್ಪ್ಲಾಚ್' ಎಂಬ ತಳಿಯಲ್ಲಿ ಪ್ಯಾಕ್ಸ್-3 ಎಂಬ ವಂಶವಾಹಿ ಕೆಟ್ಟಿರುತ್ತದೆ. ದೋಷವು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಮರಿಯ ಹೊಟ್ಟೆಯ ಮೇಲೆ ಬಿಳಿ ಮಚ್ಚೆ ಮೂಡುತ್ತದೆ; ಇಬ್ಬರಿಂದಲೂ ಬಂದರೆ ಬೆನ್ನುಹುರಿ ಮುಚ್ಚಿಕೊಳ್ಳದೆ ಪಿಂಡವು ಗರ್ಭದಲ್ಲಿಯೇ ಅಳಿಯುತ್ತದೆ. ಮುಂದಲೆಯ ಬಿಳಿಗೂದಲು ಹಾಗೂ ಕಿವುಡುತನ ತರುವ ವಾರ್ಡನ್‌ಬರ್ಗ್ ಸಿಂಡ್ರೋಮ್ ಎಂಬ ಮಾನವ ವಿಕಾರಕ್ಕೂ ಇದೇ ವಂಶವಾಹಿ ಕಾರಣವೆಂಬುದು 1992ರಲ್ಲಿ ತಿಳಿದುಬಂದಿತು. ಸೋದರಮಾವನೊಡನೆ, ಅತ್ತೆ-ಮಾವಂದಿರ ಮಕ್ಕಳೊಡನೆ ಆಗುವ ಮದುವೆಗಳಲ್ಲಿ ಒಂದೇ ದೋಷವು ಎರಡು ಕಡೆಯಿಂದಲೂ ಕೂಡಿಬರುವ ಸಂಭವ ಏಕೆ ಹೆಚ್ಚೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸ್ಪ್ಲಾಚ್ ಇಲಿಗಳಿಗೆ ಫೋಲಿಕ್ ಆಮ್ಲವನ್ನು ಕೊಟ್ಟಾಗ ಹಲವು ಪಿಂಡಗಳಲ್ಲಿ ಈ ವಿಕಾರವು ತಪ್ಪಿತು. 'ಕರ್ಲಿ ಟೇಲ್' ಎಂಬ ಇನ್ನೊಂದು ತಳಿಯಲ್ಲಿ ಅದು ಫಲಿಸಲಿಲ್ಲ. ಒಂದೇ ಬಗೆಯಾಗಿ ಕಾಣುವ ವಿಕಾರಕ್ಕೆ ಮೂಲಗಳು ಹಲವು. ಆದುದರಿಂದ ಮಾತ್ರೆ ನುಂಗಿದ ತಾಯಿಗೂ ಇಂತಹ ಮಗು ಹುಟ್ಟಬಹುದು; ಅದು ಆಕೆಯ ತಪ್ಪಲ್ಲ.

ಆದರೂ ಮಾತ್ರೆಯ ಪ್ರಯೋಜನ ದೊಡ್ಡದು. ಹಿಂದೊಮ್ಮೆ ಇಂತಹ ಮಗುವನ್ನು ಹಡೆದ ತಾಯಂದಿರಲ್ಲಿ, ಗರ್ಭಧಾರಣೆಗೆ ಮೊದಲೇ ಆರಂಭಿಸಿದ ಫೋಲಿಕ್ ಆಮ್ಲವು ವಿಕಾರದ ಮರುಕಳಿಕೆಯನ್ನು ಶೇ. 72ರಷ್ಟು ತಗ್ಗಿಸಿತೆಂದು ಏಳು ದೇಶಗಳಲ್ಲಿ ನಡೆದ ಅಧ್ಯಯನವು 1991ರಲ್ಲಿ ತೋರಿಸಿತು. ಮೊದಲೇ ಏಕೆ? ಮಾನವ ಪಿಂಡದ ನರನಾಳವು ಸುಮಾರು 28ನೆಯ ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ತಾವು ಗರ್ಭಿಣಿಯೆಂಬ ಅರಿವೇ ಇರುವುದಿಲ್ಲ.

ಸೊಪ್ಪು, ಅವರೆ, ಹೆಸರುಕಾಳುಗಳು ಪಥ್ಯವೇ ಸರಿ, ಅವುಗಳನ್ನು ಬಿಡಬಾರದು. ಆದರೆ ಈ ವಿಷಯದಲ್ಲಿ ಆಹಾರವೊಂದನ್ನೇ ನಂಬಿ ಕೂರುವುದು ತರವಲ್ಲವೆಂದು ಆಯುರ್ವೇದ ವೈದ್ಯರಾದ ನಾವೂ ಹೇಳುತ್ತೇವೆ. ಮಗುವನ್ನು ಬಯಸುವ ಹೆಣ್ಣುಮಕ್ಕಳು ಒಂದು ತಿಂಗಳಾದರೂ ಮುಂಚಿನಿಂದ, ಗರ್ಭದ ಮೂರನೆಯ ತಿಂಗಳು ತುಂಬುವವರೆಗೆ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸಬೇಕು. ಹಿಂದೆ ಇಂತಹ ಮಗುವನ್ನು ಹಡೆದವರಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಅವರು ಮೊದಲೇ ವೈದ್ಯರನ್ನು ಕಾಣಬೇಕು. ಮನೆಗೆ ಸೊಸೆಯನ್ನು ತಂದುಕೊಳ್ಳುವ ಹಿರಿಯರು ಗ್ರಹಣದ ದಿನವನ್ನು ಎಣಿಸುವುದನ್ನು ಬಿಟ್ಟು, ಈ ದಿನಗಳನ್ನು ಎಣಿಸಲಿ.