ಹತ್ತು ಡಾಲರಿನ ಪೆಟ್ಟಿಗೆ, ಒಂದು ರುಜು

ಈಗ ಅರವತ್ತು ದಾಟಿದವರನ್ನು ಕೇಳಿ ನೋಡಿ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದಿದವರಾದರೆ ಅವರಲ್ಲಿ ಹಲವರಿಗೆ 'ಕೇರ್ ಉಪ್ಪಿಟ್ಟು' ನೆನಪಿರುತ್ತದೆ. ಹಳದಿ ಬಣ್ಣದ ರವೆ, ಶಾಲೆಯ ಹಿಂದೆ ಮೂರು ಕಲ್ಲಿನ ಒಲೆ, ಮನೆಯಿಂದ ತಂದ ತಟ್ಟೆ, ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿಯ ಆ ಒಂದು ಬಗೆಯ ವಾಸನೆ. ಚೀಲದ ಮೇಲೆ ಎರಡು ಕೈಗಳು ಕುಲುಕುತ್ತಿರುವ ಚಿತ್ರ. ಅದು ಅಮೆರಿಕದಿಂದ ಬಂದದ್ದು ಎಂದು ಮೇಷ್ಟ್ರು ಹೇಳುತ್ತಿದ್ದರು. ಅಷ್ಟೇ ಗೊತ್ತು.

'ಕೇರ್' ಎಂದರೆ ಕಾಳಜಿ ಎಂದು ಇಂಗ್ಲಿಷ್ ಕಲಿತ ಮಕ್ಕಳು ಅರ್ಥ ಮಾಡಿಕೊಂಡಿದ್ದರು. ಆದರೆ ಅದು ನಾಲ್ಕು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು. 1945ರಲ್ಲಿ ಸಂಸ್ಥೆ ಹುಟ್ಟಿದಾಗ ಅದರ ಪೂರ್ತಿ ಹೆಸರಿನ ಅರ್ಥ ಹೀಗಿತ್ತು: ಯುರೋಪಿಗೆ ಅಮೆರಿಕನ್ನರ ಹಣ ರವಾನೆಯ ಸಹಕಾರಿ ಸಂಸ್ಥೆ. ಕಾಳಜಿಯ ಮಾತೇ ಅದರಲ್ಲಿ ಇಲ್ಲ! ಇದ್ದದ್ದು ಹಣ ರವಾನೆ. ಉಪ್ಪಿಟ್ಟಿನ ಸಂಸ್ಥೆಗೆ ಮನಿಯಾರ್ಡರಿನ ಹೆಸರು ಯಾಕೆ ಬಂತು ಎಂಬುದರ ಹಿಂದೆ ಒಂದು ಕತೆಯಿದೆ. ಯುದ್ಧದಲ್ಲಿ ಮನೆ ಕಳೆದುಕೊಂಡ ಒಂದು ಸಂಸಾರಕ್ಕೆ ದೂರದ ಊರಿನವರು ಸಹಾಯ ಮಾಡಹೊರಟರೆ ಏನೇನು ಅಡ್ಡ ಬರುತ್ತದೆ ಎಂಬ ಕತೆ ಅದು. ಇವತ್ತಿಗೂ ಅದು ಮುಗಿದಿಲ್ಲ.

ದುಡ್ಡಿದೆ, ರೊಟ್ಟಿಯಿಲ್ಲ

1945ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಎರಡನೇ ಮಹಾಯುದ್ಧ ನಿಂತಿತು. ಬಂದೂಕು ನಿಂತರೂ ಹಸಿವು ನಿಲ್ಲಲಿಲ್ಲ. ಹಿಟ್ಲರನ ಶಿಬಿರಗಳಲ್ಲಿ ಹೇಗೋ ಬದುಕುಳಿದವರು, ಬಲವಂತದ ದುಡಿಮೆಗೆಂದು ದೇಶದಿಂದ ದೇಶಕ್ಕೆ ಎಳೆದೊಯ್ಯಲ್ಪಟ್ಟವರು, ಪೂರ್ವ ಯುರೋಪಿನಿಂದ ಹೊರದಬ್ಬಿಸಿಕೊಂಡ ಸುಮಾರು 1.2 ಕೋಟಿ ಜರ್ಮನರು, ಹೀಗೆ ಅರ್ಧ ಖಂಡವೇ ಗಂಟುಮೂಟೆ ಹೊತ್ತು ರಸ್ತೆಯಲ್ಲಿತ್ತು.

ಅತ್ತ ಅಮೆರಿಕದಲ್ಲಿದ್ದವರಲ್ಲಿ ಎಷ್ಟೋ ಜನ ಯುರೋಪಿನಿಂದಲೇ ವಲಸೆ ಹೋದವರು. ಅವರ ತಾಯಿ, ತಂಗಿ, ಚಿಕ್ಕಪ್ಪಂದಿರು ಇನ್ನೂ ಹಳೆಯ ಊರಿನಲ್ಲಿದ್ದರು. ಅವರಿಗೆ ಹಣ ಕಳಿಸಬೇಕೆಂಬ ತವಕ. ಆದರೆ ಹಣ ತಲುಪಿದರೂ ಅದರಿಂದ ಕೊಳ್ಳುವುದೇನನ್ನು? ಜರ್ಮನಿಯ ನೋಟಿಗೆ ಬೆಲೆಯೇ ಉಳಿದಿರಲಿಲ್ಲ. 1948ರಲ್ಲಿ ಹೊಸ ನಾಣ್ಯ ಬರುವ ತನಕ ಅಲ್ಲಿನ ಕಾಳಸಂತೆಯಲ್ಲಿ ನಿಜವಾಗಿ ಚಲಾವಣೆಯಲ್ಲಿದ್ದದ್ದು ಅಮೆರಿಕದ ಸಿಗರೇಟು. ಬೆಣ್ಣೆಗೂ ಬೂಟಿಗೂ ಸಿಗರೇಟಿನ ಲೆಕ್ಕದಲ್ಲೇ ವ್ಯಾಪಾರ. 1946ರ ವಸಂತದಲ್ಲಿ ಬ್ರಿಟಿಷರ ಆಡಳಿತದ ಭಾಗದಲ್ಲಿ ಒಬ್ಬ ವಯಸ್ಕನಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ ಸಾವಿರ ಕ್ಯಾಲೊರಿಯ ಆಸುಪಾಸು. ಬೆಳೆದ ಆಳಿಗೆ ಬೇಕಾದದ್ದರಲ್ಲಿ ಅರ್ಧವೂ ಅಲ್ಲ. ಇನ್ನು ತಾವೇ ಕಟ್ಟಿ ಅಂಚೆಯಲ್ಲಿ ಕಳಿಸಿದ ಪೊಟ್ಟಣ ದಾರಿಯಲ್ಲಿ ಯಾರ ಪಾಲಾಗುತ್ತಿತ್ತೋ ದೇವರೇ ಬಲ್ಲ.

1945ರ ನವೆಂಬರಿನಲ್ಲಿ ಅಮೆರಿಕದ 22 ಸೇವಾ ಸಂಸ್ಥೆಗಳು ಸೇರಿ ಕೇರ್ ಸ್ಥಾಪಿಸಿದ್ದು ಈ ತೊಡಕನ್ನು ಬಿಡಿಸಲು. ಉಪಾಯ ಸರಳ. ದಾನಿ ಹಣವನ್ನು ಅಮೆರಿಕದಲ್ಲೇ ಕಟ್ಟುತ್ತಾನೆ. ಅದರ ಬದಲಿಗೆ ಅವನು ಹೆಸರಿಸಿದ ಸಂಸಾರಕ್ಕೆ ಯುರೋಪಿನಲ್ಲಿ ಆಹಾರದ ಪೆಟ್ಟಿಗೆ ಸಿಗುತ್ತದೆ. ರವಾನೆಯಾಗುವುದು ಹಣವೇ, ಆದರೆ ಆ ತುದಿಯಲ್ಲಿ ಅದು ಹಾಲಿನ ಪುಡಿಯಾಗಿ ಇಳಿಯುತ್ತದೆ.

ಉಪಾಯ ಹೊಸದೂ ಆಗಿರಲಿಲ್ಲ. ಸಂಸ್ಥೆ ಹುಟ್ಟುಹಾಕಿದವರಲ್ಲಿ ಒಬ್ಬರಾದ ಆರ್ಥರ್ ರಿಂಗ್‌ಲ್ಯಾಂಡ್ ಅವರಿಗೆ ಮೊದಲನೇ ಮಹಾಯುದ್ಧದ ನಂತರದ ಪರಿಹಾರ ಕಾರ್ಯದ ಅನುಭವವಿತ್ತು. ಅಂತರ್ಯುದ್ಧ ಮತ್ತು ಬರದಿಂದ ನಲುಗಿದ್ದ ರಷ್ಯಾಕ್ಕೆ 1921ರ ಹೊತ್ತಿಗೆ ಹರ್ಬರ್ಟ್ ಹೂವರ್ ಅವರ ಪರಿಹಾರ ಸಂಸ್ಥೆ ಇಂಥದ್ದೇ ಏರ್ಪಾಡು ಮಾಡಿತ್ತು. 10 ಡಾಲರ್ ಕಟ್ಟಿದರೆ ರಷ್ಯಾದಲ್ಲಿನ ಬಂಧುವಿಗೆ 49 ಪೌಂಡು ಹಿಟ್ಟು, 25 ಪೌಂಡು ಅಕ್ಕಿ, 10 ಪೌಂಡು ಕೊಬ್ಬು, 10 ಪೌಂಡು ಸಕ್ಕರೆ, 3 ಪೌಂಡು ಚಹಾ, ಮೇಲೆ 20 ಡಬ್ಬಿ ಹಾಲು. ಎಲ್ಲ ಸೇರಿ ಐವತ್ತು ಕಿಲೋ ದಾಟುತ್ತಿತ್ತು. ಇದರಲ್ಲೊಂದು ಜಾಣತನವೂ ಅಡಗಿತ್ತು. ಹತ್ತು ಡಾಲರೂ ಆ ಮೂಟೆಗೆ ಖರ್ಚಾಗುತ್ತಿರಲಿಲ್ಲ. ಖರ್ಚು ಕಳೆದು ಉಳಿದ ಎರಡು ಡಾಲರಿಗೂ ಮೀರಿದ ಮೊತ್ತ, ಅಮೆರಿಕದಲ್ಲಿ ಯಾವ ನೆಂಟನೂ ಇಲ್ಲದ ಮಕ್ಕಳ ಊಟಕ್ಕೆ ಹೋಗುತ್ತಿತ್ತು.

ಸೈನಿಕರ ಊಟ, ಸಂಸಾರಕ್ಕೆ

ಕೇರ್ ಸಂಸ್ಥೆಯ ಅದೃಷ್ಟಕ್ಕೆ ಪೆಟ್ಟಿಗೆಗಳು ಸಿದ್ಧವಾಗಿಯೇ ಇದ್ದವು. ಜಪಾನಿನ ಮೇಲೆ ದಂಡೆತ್ತಲು ಅಮೆರಿಕದ ಸೇನೆ ಹತ್ತು ಸೈನಿಕರಿಗೆ ಒಂದು ದಿನದ ಊಟ ತುಂಬಿದ ಪೆಟ್ಟಿಗೆಗಳನ್ನು ರಾಶಿ ಹಾಕಿಟ್ಟಿತ್ತು. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು, ಪೆಟ್ಟಿಗೆಗಳು ಉಳಿದವು. ಅಂಥ ಸುಮಾರು 28 ಲಕ್ಷ ಪೆಟ್ಟಿಗೆಗಳನ್ನು ಕೇರ್ ಕೊಂಡಿತು. ಮೊದಲ ಹಡಗಿನ ಸರಕು ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಇಳಿದದ್ದು 1946ರ ಮೇ 11ರಂದು.

ಒಳಗೆ ಡಬ್ಬಿ ಮಾಂಸ, ಬಿಸ್ಕತ್ತು, ಸಕ್ಕರೆ, ಕಾಫಿಯ ಜೊತೆಗೆ ಚೂಯಿಂಗ್ ಗಮ್ ಮತ್ತು ಸಿಗರೇಟು! ಸೈನಿಕರಿಗೆಂದು ಮಾಡಿದ್ದಲ್ಲವೇ. ಮಕ್ಕಳಿರುವ ಮನೆಗೆ ಸಿಗರೇಟು ಯಾಕೆ ಎನ್ನಬೇಡಿ. ಆಗಿನ ಸಂತೆಯಲ್ಲಿ ಅದೇ ದುಡ್ಡು, ಕೊಟ್ಟರೆ ರೊಟ್ಟಿ ಬರುತ್ತಿತ್ತು.

ಈ ದಾಸ್ತಾನು ಮುಗಿದ ಮೇಲೆ, 1947ರಿಂದ, ಸಂಸ್ಥೆಯೇ ಸಂಸಾರಗಳಿಗೆ ತಕ್ಕ ಪೆಟ್ಟಿಗೆ ಕಟ್ಟತೊಡಗಿತು. 2 ಪೌಂಡು ಹಾಲಿನ ಪುಡಿ, 2 ಪೌಂಡು ಸಕ್ಕರೆ, 2 ಪೌಂಡು ಕಾಫಿ, ಮೊಟ್ಟೆಯ ಪುಡಿ, ಜೇನು, ಒಣದ್ರಾಕ್ಷಿ, ಚಾಕೊಲೆಟ್, ಮಾರ್ಗರೀನ್, ಬಗೆಬಗೆಯ ಡಬ್ಬಿ ಮಾಂಸ. ಯೆಹೂದಿ ಕುಟುಂಬಗಳಿಗೆ ಅವರ ಧರ್ಮಕ್ಕೆ ಹೊಂದುವ ಬೇರೆ ಪೆಟ್ಟಿಗೆ. ಕಂಬಳಿಯ ಪೆಟ್ಟಿಗೆ, ಕೂಸುಗಳ ಪೆಟ್ಟಿಗೆಯೂ ಬಂದವು.

ಹತ್ತು ಡಾಲರ್ ಆಗ ಸಣ್ಣ ಮೊತ್ತವಲ್ಲ. 1946ರಲ್ಲಿ ಅಮೆರಿಕದ ಕಾರ್ಖಾನೆಯ ಕೆಲಸಗಾರನ ಸರಾಸರಿ ಕೂಲಿ ಗಂಟೆಗೆ ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಒಂದು ಪೆಟ್ಟಿಗೆಗೆ ಒಂದು ದಿನಕ್ಕೂ ಮೀರಿದ ದುಡಿಮೆ. ಹಾಗಾಗಿ ಒಬ್ಬೊಬ್ಬರೇ ಕೊಟ್ಟದ್ದಕ್ಕಿಂತ ಕೂಡಿಸಿ ಕೊಟ್ಟದ್ದೂ ಬಹಳ. ಚರ್ಚುಗಳು, ಕಾರ್ಮಿಕ ಸಂಘಗಳು, ಶಾಲೆಯ ತರಗತಿಗಳು ಚಿಲ್ಲರೆ ಸೇರಿಸಿ ಹತ್ತು ಡಾಲರ್ ಮಾಡಿದವು.

ಇಷ್ಟು ಜನ ನಂಬಿ ಕೊಟ್ಟದ್ದಕ್ಕೆ ಮುಖ್ಯ ಕಾರಣ ಒಂದು ಚೂರು ಕಾಗದ. ಪೆಟ್ಟಿಗೆ ಪಡೆದ ಕುಟುಂಬ ರಸೀದಿಗೆ ರುಜು ಹಾಕಬೇಕಿತ್ತು. ಆ ರುಜು ಸಾಗರ ದಾಟಿ ದಾನಿಯ ಮನೆಗೆ ಬರುತ್ತಿತ್ತು. ಜಾಹೀರಾತು, ಭಾಷಣ ಎಲ್ಲವೂ ಇದ್ದವು. ಆದರೆ ಮುರುಕು ಮನೆಯೊಂದರಲ್ಲಿ ಕೂತು ಯಾರೋ ಬರೆದ ಹೆಸರು ಕೈಗೆ ಬಂದಾಗ ಉಂಟಾಗುವ ನಂಬಿಕೆಯೇ ಬೇರೆ.

ಹೆಸರಿಲ್ಲದವರ ಪಾಡು

ಆರಂಭದಲ್ಲಿ ಒಂದು ನಿಯಮವಿತ್ತು. ಪೆಟ್ಟಿಗೆ ಕಳಿಸಲು ಪಡೆಯುವವರ ಹೆಸರು, ವಿಳಾಸ ಬೇಕು. ಅಮೆರಿಕದಲ್ಲಿ ಚಿಕ್ಕಪ್ಪನಿದ್ದ ಮನೆಗೆ ಚಾಕೊಲೆಟ್ ಬಂತು, ಪಕ್ಕದ ಮನೆಯ ಮಕ್ಕಳು ಕಿಟಕಿಯಲ್ಲಿ ನೋಡಿದರು. ಬಾಂಬಿಗೆ ಮನೆಯೇ ಹೋದವರಿಗೆ ವಿಳಾಸ ಎಲ್ಲಿಂದ ಬರಬೇಕು? ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರೇ ಎಲ್ಲರಿಗಿಂತ ಕಡಿಮೆ ಪಡೆಯುವಂತಾಗಿತ್ತು. ಇದು ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ, ಏರ್ಪಾಡಿನಲ್ಲೇ ಇದ್ದ ಲೋಪ.

ದಾನಿಗಳೇ ದಾರಿ ತೋರಿಸಿದರು. 'ಜರ್ಮನಿಯ ಒಬ್ಬ ಶಾಲಾ ಮಾಸ್ತರಿಗೆ', 'ಹುಲ್ಲು ಮಾಡಿನ ಗುಡಿಸಿಲಿನ ಹಸಿದ ನಿವಾಸಿಗೆ' ಎಂದೆಲ್ಲ ವಿಳಾಸ ಬರೆದು ಹಣ ಕಳಿಸಿದವರಿದ್ದರು. ಸಂಸ್ಥೆ ನಿಯಮ ಸಡಿಲಿಸಿತು. ಅಗತ್ಯ ಯಾರಿಗಿದೆ ಎಂದು ಸ್ಥಳದಲ್ಲಿದ್ದ ಸಿಬ್ಬಂದಿಯೇ ಗುರುತಿಸಿ ಕೊಡುವ ಪದ್ಧತಿ ಬಂತು. ನಿನ್ನೆಯ ಶತ್ರುವಾದ ಜರ್ಮನಿಗೆ ಕಳಿಸಲು 1946ರ ಜೂನಿನಲ್ಲಿ ಅನುಮತಿ ಸಿಕ್ಕಿತು. ಆಗಸ್ಟಿನಲ್ಲಿ ಮೊದಲ ಪೆಟ್ಟಿಗೆಗಳು ಬ್ರೆಮೆನ್ ತಲುಪಿದವು. ಮುಂದಿನ ವರ್ಷಗಳಲ್ಲಿ ಆ ದೇಶವೊಂದಕ್ಕೇ ಹೋದವು ಒಂದು ಕೋಟಿಯ ಹತ್ತಿರ. ಇದೆಲ್ಲ ಬರಿಯ ಕರುಣೆ ಎನ್ನುವಂತಿಲ್ಲ. ಅಮೆರಿಕದ ಉಳಿಕೆ ದವಸ ಖರ್ಚಾಗಬೇಕಿತ್ತು, ರಷ್ಯಾದೊಂದಿಗೆ ಶೀತಲ ಸಮರವೂ ನಡೆದಿತ್ತು. ಕೇರ್ 1950ರಲ್ಲಿ ಭಾರತಕ್ಕೆ ಬಂದು, ಮುಂದೆ ನಮ್ಮ ಶಾಲೆಗಳಲ್ಲಿ ಉಪ್ಪಿಟ್ಟಾದದ್ದರ ಹಿಂದೆಯೂ ಆ ಉಳಿಕೆ ದವಸವಿತ್ತು. ತಿಂದ ಮಕ್ಕಳಿಗೆ ಅದರಿಂದ ರುಚಿಯೇನೂ ಕೆಡಲಿಲ್ಲ ಬಿಡಿ.

ಪೆಟ್ಟಿಗೆ ಹೋಗಿ ಮೊಬೈಲ್ ಬಂತು

ಎಂಬತ್ತು ವರ್ಷದ ನಂತರ ಅದೇ ತೊಡಕು ಗಾಜಾದಲ್ಲಿ ಮತ್ತೆ ಎದುರಾಯಿತು. 2023ರ ಅಕ್ಟೋಬರಿನಲ್ಲಿ ಶುರುವಾದ ಯುದ್ಧದಲ್ಲಿ ಅಲ್ಲಿನ ಸುಮಾರು 21 ಲಕ್ಷ ಜನರಲ್ಲಿ 19 ಲಕ್ಷದಷ್ಟು ಮಂದಿ ಮನೆ ಬಿಟ್ಟರೆಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿತು. ಒಂದೇ ಸಂಸಾರ ಐದು, ಹತ್ತು ಸಲ ಡೇರೆ ಕಿತ್ತು ಬೇರೆಡೆ ಹೂಡಿದ್ದೂ ಉಂಟು. ಸಾವಿರಾರು ಕುಟುಂಬಗಳು ಅಂತರ್ಜಾಲದ ಮೂಲಕ ನೇರವಾಗಿ ಜಗತ್ತಿನ ಮುಂದೆ ಕೈಯೊಡ್ಡಿದವು.

ಇಲ್ಲಿ ಮೊದಲ ಅಡ್ಡಿ ಇವತ್ತಿನ 'ಹೆಸರು, ವಿಳಾಸ'. ದೇಣಿಗೆ ಸಂಗ್ರಹಿಸುವ ದೊಡ್ಡ ಜಾಲತಾಣಗಳು ಗಾಜಾದ ಬ್ಯಾಂಕಿಗೆ ನೇರವಾಗಿ ಹಣ ಕಳಿಸುತ್ತಿರಲಿಲ್ಲ. ಕೆನಡಾದಲ್ಲೋ ಬೆಲ್ಜಿಯಮ್ಮಿನಲ್ಲೋ ಇರುವ ನೆಂಟನೊಬ್ಬ ತನ್ನ ಹೆಸರಿನಲ್ಲಿ ಮನವಿ ತೆರೆದು, ತನ್ನ ಖಾತೆಗೆ ಹಣ ತರಿಸಿಕೊಂಡು, ಅಲ್ಲಿಂದ ದಾಟಿಸಬೇಕು. ಮತ್ತೆ ಅದೇ ವಿದೇಶದ ಚಿಕ್ಕಪ್ಪ!

ಬೇಕಾಗಿದ್ದ ಮೊತ್ತವೂ ದೊಡ್ಡದು. 2024ರ ಮೊದಲ ತಿಂಗಳುಗಳಲ್ಲಿ ಈಜಿಪ್ಟಿನ ಗಡಿ ದಾಟಿಸಲು ಅಲ್ಲಿನ ಖಾಸಗಿ ಮಧ್ಯವರ್ತಿಗಳು ದೊಡ್ಡವರಿಗೆ 5,000 ಡಾಲರ್, ಮಕ್ಕಳಿಗೆ 2,500 ಡಾಲರ್ ಕೇಳುತ್ತಿದ್ದರು. ಗಂಡ, ಹೆಂಡತಿ, ಮೂವರು ಮಕ್ಕಳಿದ್ದರೆ 17,500 ಡಾಲರ್. ಮನವಿಗಳಲ್ಲಿ ಅಂಥ ದೊಡ್ಡ ಅಂಕಿ ಕಂಡು ಅನುಮಾನಪಟ್ಟವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ರಫಾ ಗಡಿಯೇ ಮುಚ್ಚಿತು. ದಾಟಲೆಂದು ಕೂಡಿಸಿದ ಹಣ ಹಿಟ್ಟಿಗೂ ಡೇರೆಗೂ ಕರಗಿತು.

ಎರಡನೇ ಅಡ್ಡಿ ನಗದು. ಯುದ್ಧ ಶುರುವಾದ ಮೇಲೆ ಹೊಸ ನೋಟುಗಳು ಗಾಜಾ ಒಳಗೆ ಬರುವುದು ನಿಂತಿತು. ಬ್ಯಾಂಕುಗಳು ಕುಸಿದಿದ್ದವು, ಇದ್ದ ನೋಟುಗಳು ಸವೆದು ಹರಿದಿದ್ದವು. ಹರಿದ ನೋಟಿಗೆ ತೇಪೆ ಹಾಕಿಕೊಡುವುದೇ ಕೆಲವರಿಗೆ ಕಸುಬಾಯಿತು. ಖಾತೆಯಲ್ಲಿ ಹಣವಿದ್ದವರು ಅದನ್ನು ಕೈಗೆ ಪಡೆಯಲು ವ್ಯಾಪಾರಿಗಳಿಗೆ ಕಮಿಷನ್ ತೆರಬೇಕು. 2025ರ ಮಧ್ಯದ ಹೊತ್ತಿಗೆ ಅದು ನೂರಕ್ಕೆ ನಲವತ್ತರವರೆಗೆ ಏರಿತ್ತು. ಲೆಕ್ಕ ಮಾಡಿ ನೋಡಿ. ದಾನಿ ಕೊಟ್ಟದ್ದು 100 ಡಾಲರ್. ಜಾಲತಾಣದ ಶುಲ್ಕ ಸುಮಾರು 3 ಹೋದರೆ 97. ಕಮಿಷನ್ ಹೋದರೆ ಕೈಗೆ ಬಂದದ್ದು 58. ಅದರಲ್ಲಿ ಕೊಳ್ಳಬೇಕಾದ ಹಿಟ್ಟಿನ ಬೆಲೆ ಎಷ್ಟೋ ಪಟ್ಟು ಏರಿ ಕೂತಿತ್ತು. 1946ರ ಜರ್ಮನಿಯ ಹಾಗೆಯೇ ದುಡ್ಡಿದೆ, ರೊಟ್ಟಿಯಿಲ್ಲ. ಗಡಿಯಲ್ಲಿ ಸರಕಿನ ಲಾರಿಗಳು ನಿಂತಿದ್ದರೆ ಮೊಬೈಲಿನಲ್ಲಿ ಬಂದ ಹಣಕ್ಕೆ ಹೊಟ್ಟೆ ತುಂಬಿಸುವ ಶಕ್ತಿಯಿಲ್ಲ.

ಹಾಗೆಂದು ಕೊಟ್ಟದ್ದು ವ್ಯರ್ಥವಾಯಿತೇ? ಆ ಐವತ್ತೆಂಟರಿಂದಲೇ ಒಲೆ ಉರಿದ ಡೇರೆಗಳಿವೆ. ಕೊಡುವವರು ಒಂದೆರಡು ವಿಷಯ ನೋಡಿಕೊಂಡರೆ ಒಳ್ಳೆಯದು. ಮನವಿ ತೆರೆದವರು ಯಾರು, ಆ ಕುಟುಂಬಕ್ಕೆ ಅವರೇನಾಗಬೇಕು, ಹಣ ಯಾರ ಖಾತೆಗೆ ಹೋಗುತ್ತದೆ, ಹಿಂದೆ ಬಂದ ಹಣ ಏನಾಯಿತೆಂದು ಹೇಳಿದ್ದಾರೆಯೇ. ಇನ್ನೊಬ್ಬರ ಫೋಟೋ ಕದ್ದು ಮನವಿ ಹಾಕುವ ಕಳ್ಳರು ಎಲ್ಲ ಯುದ್ಧಗಳಲ್ಲೂ ಹುಟ್ಟಿಕೊಳ್ಳುತ್ತಾರೆ.

ಹೆಸರಿಲ್ಲದವರಿಗೆ ಏನು ದಾರಿ ಎಂಬುದಕ್ಕೆ ಸುಡಾನಿನವರು ತಮ್ಮದೇ ಉತ್ತರ ಕಂಡುಕೊಂಡರು. 2023ರ ಏಪ್ರಿಲ್ 15ರಂದು ಅಲ್ಲಿ ಯುದ್ಧ ಹತ್ತಿಕೊಂಡಿತು, ಕೋಟಿಗೂ ಮೀರಿ ಜನ ನೆಲೆ ತಪ್ಪಿದರು. ಬಡಾವಣೆಯ ಯುವಕ ಯುವತಿಯರು 'ತುರ್ತು ಸ್ಪಂದನ ಕೊಠಡಿ'ಗಳನ್ನು ಕಟ್ಟಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದರು. ಹೊರದೇಶದಲ್ಲಿದ್ದ ಸುಡಾನಿಗಳು ಮೊಬೈಲ್ ಬ್ಯಾಂಕಿನ ಮೂಲಕ ಹಣ ಹಾಕುತ್ತಿದ್ದರು. ಹಣ ಬಂದದ್ದು ಒಂದು ಮನೆಗಲ್ಲ, ಒಂದು ಹಂಡೆಗೆ. ಪಾತ್ರೆ ಹಿಡಿದು ಬಂದವರಿಗೆಲ್ಲ ಅದರಲ್ಲಿ ಪಾಲು. 2024ರ ಫೆಬ್ರುವರಿಯಲ್ಲಿ ದೂರವಾಣಿ ಜಾಲ ಸತ್ತಾಗ ಹಣದ ದಾರಿಯೇ ಕಡಿದು ಖಾರ್ಟೂಮಿನಲ್ಲಿ ನೂರಾರು ಅಡುಗೆಮನೆಗಳ ಒಲೆ ಆರಿತು. ಮತ್ತೆ ಹೊತ್ತಿಸಿದರು. 2025ರಲ್ಲಿ ಈ ಕೊಠಡಿಗಳಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಕೇರ್ ಪೆಟ್ಟಿಗೆಯ ಕಾಲಕ್ಕೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆಗ ಪೆಟ್ಟಿಗೆ ಪಡೆದವರು ಒಂದು ರುಜು ಹಾಕಿದರೆ ಮುಗಿಯಿತು. ತಾವು ನಿಜಕ್ಕೂ ಹಸಿದವರೆಂದು ಸಾಬೀತು ಮಾಡುವ ಹೊಣೆ ಅವರ ಮೇಲಿರಲಿಲ್ಲ, ಮಧ್ಯದಲ್ಲಿ ಸಂಸ್ಥೆಯಿತ್ತು. ಗಾಜಾದ ತಾಯಿಯೊಬ್ಬಳು ಆ ಕೆಲಸವನ್ನೂ ತಾನೇ ಮಾಡಬೇಕಾಯಿತು. ಸೌರಫಲಕವಿರುವ ಅಂಗಡಿಗೆ ನಡೆದುಹೋಗಿ, ದುಡ್ಡು ಕೊಟ್ಟು ಫೋನು ಚಾರ್ಜ್ ಮಾಡಿಸಿ, ಹರಿದ ಡೇರೆಯನ್ನೂ ಸೊರಗಿದ ಮಗುವನ್ನೂ ಚಿತ್ರ ತೆಗೆದು, ಬಾರದ ಇಂಗ್ಲಿಷಿನಲ್ಲಿ ಅಪರಿಚಿತರಿಗೆ ಬರೆದು, ನೀನು ನಿಜವೇ ಎಂದು ಕೇಳಿದವರಿಗೆಲ್ಲ ಉತ್ತರಿಸಿ, ಬಂದ ಹಣದಲ್ಲಿ ಕೊಂಡ ಹಿಟ್ಟಿನ ಚೀಲದ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ ಇನ್ನೊಂದು ಚಿತ್ರ ಕಳಿಸಬೇಕು. ಮಾರನೆಯ ದಿನ ಮತ್ತೆ ಮೊದಲಿನಿಂದ.